ಉಪವಾಸದ ಜೇಡ

ಉಪವಾಸ ಮಾಡುವವರ ಹೊಟ್ಟೆ ವಾರದಿಂದ ವಾರಕ್ಕೆ ಉಬ್ಬುವುದಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತ ಇನ್ಸ್‌ಪೆಕ್ಟರಿಗೆ ಅಲ್ಲೇ ಅನುಮಾನ ಬಂತು. ಸಾಬೂನು ಕಾರ್ಖಾನೆಯಲ್ಲಿ ಅವನಿಗೆ ತಪ್ಪು ಹುಡುಕುವುದಕ್ಕೇ ಸಂಬಳ. ಮನೆಯಲ್ಲಿ ಆ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದ.

ಪೆಟ್ಟಿಗೆಯಲ್ಲಿದ್ದದ್ದು ಭಾವಮೈದುನ ಸಾಕಿದ ಟ್ಯಾರಂಟುಲಾ, ಅಂಗೈಯಗಲದ ರೋಮದ ಜೇಡ. ಬಾಡಿಗೆ ರೂಮು ಸಿದ್ಧವಾಗುವ ತನಕ ಎಂಟು ದಿನ ಇರುತ್ತೇನೆಂದು ಅವನು ಅದನ್ನೂ ಹೊತ್ತುಕೊಂಡು ಅಕ್ಕನ ಮನೆಗೆ ಬಂದಿದ್ದ. ಏಳನೇ ದಿನ ಜೇಡ ಪೊರೆ ಕಳಚಿತು.

"ಮೈ ಇನ್ನೂ ಮೆತ್ತಗಿದೆ ಭಾವ. ಈಗ ಸಾಗಿಸಿದ್ರೆ ಸತ್ತೇ ಹೋಗುತ್ತೆ. ಮತ್ತೆ ತಿನ್ನೋಕೆ ಶುರು ಮಾಡಿದ ದಿನವೇ ಹೊರಟುಬಿಡ್ತೀನಿ" ಅಂದ.

ಅದಾಗಿ ಏಳು ವಾರ. ರೂಮು ಯಾವತ್ತೋ ಸಿದ್ಧವಾಗಿತ್ತು. ದಿನಾ ಸಂಜೆ ಆ ಪೆದ್ದ ಚಿಮಟದಲ್ಲಿ ಮಿಡತೆ ಹಿಡಿದು, "ತಿನ್ನಮ್ಮ, ನಮ್ಮಮ್ಮ ಅಲ್ವಾ" ಎಂದು ಗೋಗರೆಯುತ್ತಿದ್ದ. ಜೇಡ ಹಿಂದಕ್ಕೆ ಸರಿದು ಮೂಲೆ ಸೇರುತ್ತಿತ್ತು.

ಊಟಕ್ಕೆ ಕೂತರೆ ಇನ್ಸ್‌ಪೆಕ್ಟರನ ಬಾಯಿಗೆ ಭಾವಮೈದುನನೇ ಆಹಾರ. "ಊರಿನವರ ಗಡಿಯಾರವೆಲ್ಲ ರಿಪೇರಿ ಮಾಡ್ತೀಯ. ಎಂಟು ದಿನ ಅಂದ್ರೆ ಎಷ್ಟು ಅಂತ ಮಾತ್ರ ಗೊತ್ತಿಲ್ಲ." "ಊಟ ನಿನಗೆ, ಉಪವಾಸ ಅದಕ್ಕೆ. ಒಳ್ಳೇ ಜೋಡಿ." ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಹೆಂಡತಿ ಬಡಿಸುತ್ತಿದ್ದಳು. ಒಂದು ದಿನ ಅಡುಗೆ ಸೀದೇ ಹೋಗಿತ್ತು. ಅದನ್ನು ಗಮನಿಸಲೂ ಇನ್ಸ್‌ಪೆಕ್ಟರಿಗೆ ಪುರುಸೊತ್ತಿರಲಿಲ್ಲ. ಇತ್ತೀಚೆಗೆ ಅವಳು ಹಾಡು ಗುನುಗುವುದು ಬೇರೆ. ತಮ್ಮ ಬಂದಿದ್ದಾನಲ್ಲ, ತವರೇ ಬಂದಷ್ಟು ಹಿಗ್ಗು ಎಂದುಕೊಂಡಿದ್ದ.

ಈಗ ಜೇಡದ ಉಬ್ಬಿದ ಹೊಟ್ಟೆ ನೋಡಿ ಎಲ್ಲ ಅರ್ಥವಾಯಿತು. ಕಳ್ಳ ಗುಟ್ಟಾಗಿ ತಿನ್ನಿಸುತ್ತಾನೆ, ಸಂಜೆ ಎಲ್ಲರೆದುರು ಉಪವಾಸದ ನಾಟಕ ಆಡಿಸುತ್ತಾನೆ. ಬಿಟ್ಟಿ ಊಟ, ಬಿಟ್ಟಿ ಹಾಸಿಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲವೇ? ಇವತ್ತೇ ಹಿಡಿದು ನಾಳೆಯೇ ಪೆಟ್ಟಿಗೆ ಸಮೇತ ಹೊರಗೆ ಹಾಕಬೇಕು.

ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಬಂದು, ಚಪ್ಪಲಿ ಹೊರಗೇ ಬಿಟ್ಟು ಒಳಗೆ ನುಸುಳಿದ. ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ಸರಿದ ಸದ್ದು. ಬಾಗಿಲು ದಬ್ಬಿದ.

"ಸಿಕ್ಕಿಬಿದ್ದೆ, ಮಗನೇ."

ಪೆಟ್ಟಿಗೆಯ ಮುಂದೆ ಕೂತಿದ್ದವಳು ಹೆಂಡತಿ. ಕೈಯಲ್ಲಿ ಅಡುಗೆಮನೆಯ ಇಕ್ಕಳ, ಅದರ ತುದಿಯಲ್ಲೊಂದು ಜಿರಳೆ. ಜೇಡ ಲಬಕ್ಕನೆ ಅದನ್ನು ಕಸಿದುಕೊಂಡಿತು.

"ಅವನು ಹೇಳಿಕೊಟ್ಟನಾ?"

"ಅವನಿಗೆ ಗೊತ್ತೇ ಇಲ್ಲ. ಪಾಪ, ಏನು ಕಾಯಿಲೆಯೋ ಅಂತ ಕೊರಗ್ತಾ ಇದ್ದಾನೆ."

"ಮತ್ತೆ ನಿನಗೇನು ಬಂತು? ಅವನೆದುರು ಇದು ತಿಂದ್ರೆ ತಾನೆ ಆ ದಂಡಪಿಂಡ ತೊಲಗೋದು?"

ಅವಳು ಮುಚ್ಚಳ ಮುಚ್ಚಿದಳು. ಎದ್ದು ನಿಂತಳು.

"ಅದಕ್ಕೇ ರೀ. ಅವನು ಬಂದ ಮೇಲೆ ನೀವು ನನ್ನನ್ನ ಒಂದು ದಿನವೂ ಬೈದಿಲ್ಲ."