ಹತ್ತಿ ಹೊಲದಲ್ಲಿ ಅಧಿವೇಶನ

ಕುತುಬುದ್ದೀನ ಕತ್ತರಿ ಕೆಳಗಿಟ್ಟು ಹಿಂದೆ ಸರಿದು ನೋಡಿದ. ಮೀಸೆ ಹೋಗಿತ್ತು. ಬಣ್ಣ ಹಚ್ಚಿದ ಕೂದಲೂ ಹೋಗಿ ಬಿಳಿ ಕುರುಚಲು ಉಳಿದಿತ್ತು. ಖಾದಿ ಅಂಗಿಯ ಜಾಗದಲ್ಲಿ ಮಾಸಿದ ಬನಿಯನ್ನು, ತಲೆಗೆ ಟವೆಲ್ಲು.

"ಈಗ ನಿನ್ನ ಹೇಣ್ತಿ ಬಂದ್ರೂ ಗುರುತ ಹಿಡಿಯಂಗಿಲ್ಲ ಬಿಡು," ಎಂದ.

ಶಾಸಕ ಸಿದ್ದರಾಮ ಕಲ್ಲೂರನಿಗೆ ಅದೇ ಬೇಕಾಗಿತ್ತು. ಬೆಳಗಾವಿಯಲ್ಲಿ ಅಧಿವೇಶನ ಮುಗಿಯಲು ಬಂದಿತ್ತು. ಪಕ್ಷದಲ್ಲಿ ನಾಯಕನನ್ನು ಇಳಿಸಬೇಕೆನ್ನುವವರದು ಒಂದು ಬಣ, ಉಳಿಸಬೇಕೆನ್ನುವವರದು ಇನ್ನೊಂದು. ಇಬ್ಬರಿಗೂ ಇವನ ಸಹಿ ಬೇಕು. ಯಾರಿಗೆ ಕೊಟ್ಟರೂ ಇನ್ನೊಬ್ಬರು ಬಿಡುವುದಿಲ್ಲ. ಗೋವಾದ ಹೋಟೆಲು, ದಾಂಡೇಲಿಯ ರೆಸಾರ್ಟು, ಎಲ್ಲ ಕಡೆ ಹುಡುಕುವವರಿದ್ದರು. ತನ್ನ ಕ್ಷೇತ್ರದಲ್ಲಿ ಮಾತ್ರ ತನ್ನನ್ನು ಯಾರೂ ಹುಡುಕುವುದಿಲ್ಲ ಎಂಬ ಧೈರ್ಯದಿಂದ ಅವನು ನವಲಗುಂದಕ್ಕೆ ಬಂದು, ಜಮಖಾನೆ, ತಲೆದಿಂಬು ಮಾರುವ ಅಂಗಡಿಯ ಈ ಬಾಲ್ಯದ ಗೆಳೆಯನ ಕದ ತಟ್ಟಿದ್ದ.

ಕುತುಬುದ್ದೀನ ಅವನನ್ನು ಬೈಕಿನ ಮೇಲೆ ಯಮನೂರಿನಾಚೆ, ಹಳ್ಳ ದಾಟಿ, ಒಂದು ಸಣ್ಣ ಊರಿಗೆ ಕರೆದೊಯ್ದ. ಅಲ್ಲಿ ಮೈಲಾರವ್ವನ ಹೊಲದಲ್ಲಿ ಹತ್ತಿ ಬಿಡಿಸಲು ಆಳು ಬೇಕಾಗಿತ್ತು.

"ಇಂವ ಮಾಳಪ್ಪ ಅಂತ, ಅವ್ವಾ. ರೋಣದ ಕಡ್ಯಾಂವ."

ಮೈಲಾರವ್ವ ಹೊಸ ಆಳನ್ನು ಮೇಲಿಂದ ಕೆಳಗೆ ನೋಡಿದಳು. "ಕೈ ಭಾಳ ಮೆತ್ತಗದಾವಲ್ಲ?"

"ಮೊದಲ ಕಿರಾಣಿ ಅಂಗಡ್ಯಾಗಿದ್ದ."

"ಇರ್ಲಿ ಬಿಡು. ಇಲ್ಲೆ ಗಟ್ಟಿ ಆಗ್ತಾವ."

ಸಂಜೆಯ ಹೊತ್ತಿಗೆ ಅವನ ಬೆರಳುಗಳಲ್ಲಿ ಹತ್ತಿಕಾಯಿಯ ಸಿಪ್ಪೆ ಚುಚ್ಚಿ ರಕ್ತ ಜಿನುಗುತ್ತಿತ್ತು. ಸೊಂಟ ನೆಟ್ಟಗಾಗಲು ಒಲ್ಲೆನೆಂದಿತು. ಆದರೂ ಹತ್ತಿ ತುಂಬಿದ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ತನ್ನ ಮಾತು ಮುದ್ರಿಸಿದ. "ಮತದಾರ ಬಂಧುಗಳೇ, ಅಧಿವೇಶನ ಕೊನೆಯ ಹಂತದಲ್ಲಿದೆ. ನಿಮ್ಮ ಸೇವಕ ಹಗಲಿರುಳು ಸದನದಲ್ಲಿ ನಿಮ್ಮ ದನಿಯಾಗಿ ದುಡಿಯುತ್ತಿದ್ದಾನೆ..." ಅದನ್ನು ಕುತುಬುದ್ದೀನನಿಗೆ ಕಳಿಸಿದ. ಅವನು ಕ್ಷೇತ್ರದ ವಾಟ್ಸಾಪ್ ಗುಂಪಿಗೆ ಹಾಕಿದ.

ಊಟದ ಹೊತ್ತಿಗೆ ಪಕ್ಕದ ಮನೆಯ ಬಸಣ್ಣ ಮೊಬೈಲು ಹಿಡಿದು ಅಂಗಳಕ್ಕೆ ಬಂದು, ಅದೇ ದನಿಯನ್ನು ಜೋರಾಗಿ ಹಾಕಿದ. ಸಿದ್ದರಾಮನ ಕೈಯ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು.

"ಹಗಲಿರುಳು ದುಡಿತಾರಂತ. ಪಾಪ, ಸೊಂಟ ಹಿಡಿದಿರಬೇಕು," ಎಂದ ಬಸಣ್ಣ. "ನಿನಗೇನ ಅನಸ್ತದ ಮಾಳಪ್ಪಾ?"

ಮಾಳಪ್ಪ ಕುತ್ತಿಗೆ ಮುಟ್ಟಿಕೊಂಡು ಪಿಸುಗುಟ್ಟಿದ. "ಗಂಟಲ ಕಟ್ಟೇತಿ."

"ಎಂಎಲ್ಎ ಸಾಹೇಬ್ರ ಗಂಟಲಿಗೆ ಏನೂ ಆಗಿಲ್ಲ ನೋಡು," ಎಂದಳು ಮೈಲಾರವ್ವ, ಇನ್ನೊಂದು ರೊಟ್ಟಿ ಹಾಕುತ್ತ.

ಮರುದಿನ ಕಾಲುವೆಗೆ ನೀರು ಬಿಟ್ಟರು. ಅದರ ಹೆಚ್ಚುವರಿ ನೀರು ಸೇರಿ ಹಳ್ಳ ಸೊಂಟದವರೆಗೆ ಏರಿತು. ಮಧ್ಯಾಹ್ನ ಹೊಲಕ್ಕೆ ಕೂಗು ಕೇಳಿಸಿತು. ಮೈಲಾರವ್ವನ ಸೊಸೆ ಅರುಣಾಗೆ ಬೇನೆ ಎದ್ದಿತ್ತು. ಅವಳು ಆ ಬೆಳಿಗ್ಗೆಯೇ ತವರಿನಿಂದ ಬಂದಿದ್ದಳು. ದಿನ ತುಂಬಿದವಳು ತವರಿಗೆ ಹೋಗುವುದು ಬಿಟ್ಟು ತವರಿನಿಂದ ಬಂದದ್ದೇಕೆ ಎಂದು ಕೇಳೋಣವೆಂದರೆ ಮಾಳಪ್ಪನ ಗಂಟಲು ಕಟ್ಟಿತ್ತು.

ಅಂಬುಲೆನ್ಸು ಹಳ್ಳದ ಈಚೆಗೆ ಬರುವುದಿಲ್ಲ. ಬಸಣ್ಣ ಚಕ್ಕಡಿ ಹೂಡಿದ. ನಡುಹಳ್ಳದಲ್ಲಿ ಗಾಲಿ ಕೆಸರಿಗೆ ಇಳಿದು ನಿಂತಿತು. ಎತ್ತುಗಳು ಮುಗ್ಗರಿಸಿದವು. ಸಿದ್ದರಾಮ ನೀರಿಗೆ ಧುಮುಕಿ ಗಾಲಿಗೆ ಹೆಗಲು ಕೊಟ್ಟ. ಕಾಲು ಜಾರಿ ಮುಳುಗಿದ, ಎದ್ದ, ಮತ್ತೆ ಹೆಗಲು ಕೊಟ್ಟ. ಇದೇ ದಂಡೆಯ ಮೇಲೆ ನಿಂತು, ಎರಡು ಚುನಾವಣೆಗಳಲ್ಲಿ, ಮೈಕು ಹಿಡಿದು, ಸೇತುವೆ ಕಟ್ಟಿಸುತ್ತೇನೆ ಎಂದಿದ್ದ.

"ಕಾಕಾ, ಕೈ ಬಿಡಬ್ಯಾಡ್ರಿ!" ಅರುಣಾ ಅವನ ರಟ್ಟೆ ಹಿಡಿದು ಚೀರಿದಳು.

"ಹೆದರಬ್ಯಾಡ ತಂಗೀ, ನಾ ಅದೀನಿ!" ಭಾಷಣದ ದನಿಯೇ ಹೊರಬಿತ್ತು. ಸದ್ಯ, ಆ ಗದ್ದಲದಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಚಕ್ಕಡಿ ಕೊನೆಗೂ ದಂಡೆ ಹತ್ತಿತು. ಅರುಣಾ ಕಣ್ಣು ಬಿಟ್ಟಳು. "ಅತ್ತೀ, ಬ್ಯಾನಿ ನಿಂತ್ವು."

ಮೈಲಾರವ್ವ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. "ಸುಳ್ಳು ಬ್ಯಾನಿ. ಬಸಣ್ಣಾ, ಚಕ್ಕಡಿ ತಿರುಗ್ಸು, ಮನೀಗೆ ಹೋಗೂಣು."

ಮರಳಿ ಬರುವಾಗಲೂ ಗಾಲಿ ಅಲ್ಲೇ ಸಿಕ್ಕಿತು. ಮತ್ತೆ ಅವನೇ ದೂಡಿದ.

ಆ ಸಂಜೆ ಹತ್ತಿ ಕೋಣೆಯಲ್ಲಿ ಮೊಬೈಲು ಹಿಡಿದು ಕೂತವನಿಗೆ "ಮತದಾರ ಬಂಧುಗಳೇ" ಎಂಬುದರ ಮುಂದೆ ಏನೂ ಹೊಳೆಯಲಿಲ್ಲ. ಗಂಟಲು ನಿಜವಾಗಿಯೂ ಕಟ್ಟಿತ್ತು. ಬೆಳಿಗ್ಗೆ, ಊರಿಗೆ ಹೋಗಬೇಕು ಎಂದ. ಮೈಲಾರವ್ವ ಯಾಕೆಂದು ಕೇಳಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. "ಹೋಗಿ ಬಾರಪ್ಪಾ. ಕೆಲಸ ಮುಗಿಸೇ ಬಾ."

ಅಧಿವೇಶನದ ಕೊನೆಯ ದಿನ, ಮೀಸೆಯಿಲ್ಲದ ಶಾಸಕನನ್ನು ಬಾಗಿಲಲ್ಲೇ ತಡೆದು ಗುರುತಿನ ಚೀಟಿ ಕೇಳಿದರು. ಒಳಗೆ ಅವನು ಎದ್ದು ನಿಂತ. ಸಭಾಧ್ಯಕ್ಷರು ಗಂಟೆ ಬಾರಿಸಿದರೂ ಕೂರಲಿಲ್ಲ. "ಬಸುರಿ ಹೆಣ್ಣುಮಗಳ ಚಕ್ಕಡಿ ನಡುನೀರಿನಲ್ಲಿ ನಿಂತದ್ದನ್ನು ನಾನು ಕೇಳಿ ಹೇಳುತ್ತಿಲ್ಲ. ಗಾಲಿಗೆ ಹೆಗಲು ಕೊಟ್ಟು ಬಂದಿದ್ದೇನೆ," ಎಂದು ಅಂಗೈ ಎತ್ತಿ ತೋರಿಸಿದ. ಮಂತ್ರಿಗಳು ಎದ್ದು, ಸೇತುವೆಯನ್ನು ಈ ವರ್ಷವೇ ಕೈಗೆತ್ತಿಕೊಳ್ಳುತ್ತೇವೆ ಎಂದು ಮಾತು ಕೊಟ್ಟರು. ಎರಡೂ ಬಣಗಳು ಅಷ್ಟರಲ್ಲಿ ರಾಜಿಯಾಗಿದ್ದವು. ಅವನ ಸಹಿ ಯಾರಿಗೂ ಬೇಕಾಗಿರಲಿಲ್ಲ.

ಹೊರಗೆ ಬಂದವನೇ ಕುತುಬುದ್ದೀನನಿಗೆ ಫೋನು ಹಚ್ಚಿದ. ಆ ಕಡೆ ಸಿಳ್ಳು, ಕೇಕೆ.

"ಮೈಲಾರವ್ವನ ಅಂಗಳದಾಗ ಕುಂತೀನಿ. ಊರ ಮಂದೆಲ್ಲಾ ಕೂಡಿ ನಿನ್ನ ಭಾಷಣ ನೋಡಿದ್ವಿ," ಎಂದ ಕುತುಬುದ್ದೀನ.

"ಅದಿರ್ಲಿ, ಅರುಣಾ ಹೆಂಗದಾಳ? ಹೆರಿಗಿ ಆತೇನು?"

"ಹೋದ ವರ್ಷನ ಆತಲ್ಲೋ. ಚಕ್ಕಡ್ಯಾಗ, ನಡುಹಳ್ಳದಾಗ. ಆವಾಗ ನೀ ಅಧಿವೇಶನದಾಗ ಇದ್ದಿ. ಕೂಸು ಇಲ್ಲೇ ಆಡಾಕತ್ತೇತಿ."

ಸಿದ್ದರಾಮ ಫೋನನ್ನು ಇನ್ನೊಂದು ಕಿವಿಗೆ ಹಚ್ಚಿಕೊಂಡ.

"ಮತ್ತ ಮೊನ್ನಿ ಆ ಹೊಟ್ಟಿ?"

"ಅದು ನಮ್ಮ ಅಂಗಡಿ ತಲಿದಿಂಬು, ಎಂಎಲ್ಎ ಸಾಹೇಬ್ರೇ."