ಹೊಂಗೆ ಬುಡದ ಮಣ್ಣು

ಅಂಚೆಯ ಕವರು ಒಡೆದು ಸರ್ವಮಂಗಳಾ ವಿಜ್ಞಾನ ಪತ್ರಿಕೆಯ ಪುಟಗಳನ್ನು ಮೂರು ಸಲ ಮಗುಚಿದಳು. ಸಸಿ ಕೊಳೆಯದಂತೆ ಕಾಯುವ ಬ್ಯಾಕ್ಟೀರಿಯಾದ ಲೇಖನದಲ್ಲಿ ಎಲ್ಲಿಯೂ ಅವಳ ಹೆಸರಿರಲಿಲ್ಲ. ಹರಿಹರದ ಹತ್ತಿರದ ಕೊಕ್ಕನೂರಿನ ಹೊಂಗೆ ಮರದ ಬೇರಿನ ಮಣ್ಣಿನಿಂದ ಅವಳೇ ಬೇರ್ಪಡಿಸಿ, ದಾವಣಗೆರೆಯ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ವರ್ಷ ಜೋಪಾನ ಮಾಡಿದ ಬ್ಯಾಕ್ಟೀರಿಯಾ ಅದು. ಬೆಂಗಳೂರಿನ ಪ್ರೊಫೆಸರರೊಬ್ಬರು ಕೇಳಿದರೆಂದು ನಂಬಿ ಕಳಿಸಿಕೊಟ್ಟಿದ್ದಳು. ಅವರು ಪರದೇಶದವರ ಜೊತೆ ಸೇರಿ ಅದರ ಇಡೀ ಜೀನೋಮ್ ಓದಿ ಮುಗಿಸಿದ್ದರು. ಆ ವಂಶವಾಹಿ ಬರಹದ ಅರವತ್ತು ಲಕ್ಷ ಅಕ್ಷರಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಬಿಟ್ಟದ್ದು ಅವಳನ್ನು ಮಾತ್ರ.

ಎಸ್‌ಟಿಡಿ ಬೂತಿಗೆ ಓಡಿ ಫೋನು ಹಚ್ಚಿದಳು.

"ಅದಕ್ಕೆ ನಿಮ್ಮ ಹರಿಹರದ ಹೆಸರನ್ನೇ ಇಟ್ಟಿದ್ದೀವಲ್ಲಮ್ಮ, ಸಂತೋಷಪಡಿ," ಎಂದು ಪ್ರೊಫೆಸರರು ಫೋನಿಟ್ಟರು.

ಅಂದು ರಾತ್ರಿಯೇ ಪತ್ರಿಕೆಯ ಸಂಪಾದಕರಿಗೆ ದೂರು ಬರೆದಳು. ಸಾಕ್ಷಿ ಬೇಕಿತ್ತು. ಭಾನುವಾರ ಹರಿಹರದಲ್ಲಿ ಬಸ್ಸು ಬದಲಿಸಿ ಕೊಕ್ಕನೂರಿಗೆ ಹೋದಳು. ಮರವಿದ್ದದ್ದು ಹಯಾತ್ ಸಾಬರ ಹೊಲದ ಬದುವಿನಲ್ಲಿ. ಬದನೆ, ಮೆಣಸಿನ ಸಸಿ ಬೆಳೆಸಿ ಮಾರುವುದು ಅವರ ಕಸುಬು.

"ಬರ್ರಿ ಮೇಡಮ್ಮಾರೆ, ಕೂಡ್ರಿ," ಎಂದು ಅವರು ಮಣ್ಣಿನ ಕೈ ತೊಳೆದುಕೊಂಡು ಬಂದರು. ಎಲ್ಲವನ್ನೂ ಕೇಳಿ ಮರುಗಿದರು. "ನಿಮ್ಮಂಥೋರಿಗೇ ಹಿಂಗ ಮಾಡಿದ್ರೆ ಹೆಂಗ್ರಿ? ಎಲ್ಲಿ, ಏನು ಬರ್ದೀರಿ?"

ಪಿಯುಸಿ ಓದುವ ಮಗಳು ಆಲಿಯಾ ಹಾಳೆ ಈಸಿಕೊಂಡು ಗಟ್ಟಿಯಾಗಿ ಓದಿದಳು: "ಈ ಮಣ್ಣಿನಲ್ಲಿ ಸಸಿ ಕೊಳೆಯುವುದಿಲ್ಲ ಎಂಬುದನ್ನು ಮೊಟ್ಟಮೊದಲು ಗುರುತಿಸಿದವಳು ನಾನು. ಗುಂಡಿ ತೋಡಿದ ಕೂಲಿಯಾಳು ಹಯಾತ್ ಸಾಬ್ ಇದಕ್ಕೆ ಸಾಕ್ಷಿ."

ಹುಡುಗಿ ತಲೆಯೆತ್ತಿ ಅಪ್ಪನನ್ನು ನೋಡಿದಳು. "ಅಬ್ಬಾ, ಹೊಂಗೆ ಬುಡದ ಮಣ್ಣು ಹಾಕಿದ್ರೆ ಸಸಿ ಕೊಳೆಯಲ್ಲ ಅಂತ ಇವರಿಗೆ ಹೇಳ್ದೋನು ನೀನಲ್ಲೇನು?"

ಐದು ವರ್ಷದ ಹಿಂದೆ ಇದೇ ಜಗಲಿಯ ಮೇಲೆ ಕೂತು, ಹಯಾತ್ ಸಾಬರು ಹೇಳಿದ್ದನ್ನೆಲ್ಲ ಸರ್ವಮಂಗಳಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು.

"ಅದು ದೂರಿನ ಭಾಷೆ, ಸಾಬ್ರೆ," ಎಂದಳು. "ಬೇರೆ ಥರ ಬರೆದ್ರೆ ನನ್ನ ಮಾತು ನಿಲ್ಲಲ್ಲ."

ಹಯಾತ್ ಸಾಬರು ಮಗಳ ಕೈಯಿಂದ ಹಾಳೆ ತಗೊಂಡು ತೊಡೆಯ ಮೇಲೆ ಹರಡಿಕೊಂಡರು.

"ಗುಂಡಿ ತೋಡಿದ್ದು ಸುಳ್ಳಲ್ಲ ಬಿಡ್ರಿ. ಎಲ್ಲಿ ಹಾಕ್ಲಿ ಸಹಿ?"

ಸರ್ವಮಂಗಳಾ ಬೆರಳಿಟ್ಟು ಜಾಗ ತೋರಿಸಿದಳು.