ಹೆಗ್ಗನಹಳ್ಳಿಯ ಸಮುದ್ರ

ಅಂಜನಮ್ಮ ಪಾಲಿಕೆ ಎಂಜಿನಿಯರ್ ಕಾಂತರಾಜುವಿನ ಮೇಜಿನ ಮೇಲೆ ಪ್ಲಾಸ್ಟಿಕ್ ಕವರ್ ಇಟ್ಟಳು. ಒಳಗೆ ಎರಡು ಹಿಡಿ ಕಪ್ಪು ಕೆಸರು.

"ನಮ್ಮನೆ ಪಕ್ಕದ ಗುಂಡಿ ಮಣ್ಣು ಸಾರ್. ಅಪಾರ್ಟ್‌ಮೆಂಟ್‌ಗೆ ಅಂತ ಇಪ್ಪತ್ತಡಿ ಅಗೆದವ್ರೆ. ನನ್ ಗೋಡೆ ಬಿರುಕಲ್ಲಿ ಕೈ ತೂರುತ್ತೆ. ಇವತ್ತೇ ನಿಲ್ಲಿಸ್ಬೇಕು, ಇಲ್ಲಾಂದ್ರೆ ಮನೆ ಗುಂಡೀಲಿರುತ್ತೆ."

ಕಾಂತರಾಜು ಕವರಿನ ಕಡೆ ನೋಡಲಿಲ್ಲ. ಫೈಲು ಬಿಚ್ಚಿ, ಅಪಾರ್ಟ್‌ಮೆಂಟ್ ಕಟ್ಟುವವರು ಕೊಟ್ಟಿದ್ದ ಮಣ್ಣು ಪರೀಕ್ಷೆಯ ವರದಿ ತೋರಿಸಿದ. "ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ಸೀಲು, ಸಹಿ ಎರಡೂ ಇದೆ."

ಜೊತೆಗೆ ಬಂದಿದ್ದ ಮಗಳು ಕಲಾ ಬಗ್ಗಿ ಓದಿದಳು. "'ಕರಾವಳಿ ಬಯಲಿನ ಮರಳು ಮಣ್ಣು. ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ ಕಲ್ಲು. ಉಬ್ಬರದ ವೇಳೆ ಬಾವಿ ನೀರು ಉಪ್ಪಾಗಬಹುದು. ಸಮುದ್ರ ಐವತ್ತು ಮೀಟರ್.' ಸಾರ್, ಐವತ್ತು ಮೀಟರ್‌ಗೆ ನಮಗಿರೋದು ಬ್ರಾಂದಿ ಬಾರು."

"ಮಂಗಳೂರು ಕಡೆಯ ಯಾವ್ದೋ ರಿಪೋರ್ಟು, ಊರಿನ ಹೆಸರು ಬದಲಾಯ್ಸಿ ಹಾಕಿರ್ತಾರೆ. ಸಣ್ಣ ಮಿಸ್ಟೇಕು."

"ಸರಿಮಾಡಿ ಮತ್ತೆ. ಕೆರೆ ಗೋಡು, ಹೂಳು ಮಣ್ಣು ಅಂತ ಬರೀರಿ," ಎಂದಳು ಅಂಜನಮ್ಮ. "ನಮ್ಮಪ್ಪ ಅಲ್ಲಿದ್ದ ಕೆರೆಯಿಂದ ಗಾಡಿಗಟ್ಲೆ ಹೊಲಕ್ಕೆ ಹೊಡ್ದೋರು. ಕೆರೆ ಮುಚ್ಚಿ ಸೈಟ್ ಮಾಡಿದ್ರೆ ಮಣ್ಣು ತನ್ ಬುದ್ಧಿ ಬಿಡುತ್ತಾ?"

ಕಾಂತರಾಜು ದನಿ ತಗ್ಗಿಸಿದ. "ಕೆರೆ ಅಂತ ಬರೆದ್ರೆ ಅಲ್ಲಿ ಕಟ್ಟೋಹಂಗೇ ಇಲ್ಲ. ಪರ್ಮಿಷನ್ ಕೊಟ್ಟ ನಾನೂ ಮನೆಗೆ ಹೋಗ್ತೀನಿ. ಸಮುದ್ರ ಇದ್ರೆ ಯಾರಿಗೇನು ತೊಂದ್ರೆ ಹೇಳಿ?"

"ಸಮುದ್ರದ ದಡದಲ್ಲೂ ಇಷ್ಟು ಹತ್ರ ಕಟ್ಟೋಹಂಗಿಲ್ಲ ಸಾರ್," ಎಂದಳು ಕಲಾ. "ಅದಕ್ಕೂ ಕಾನೂನಿದೆ."

ಕಾಂತರಾಜು ಪೆನ್ನು ಕಚ್ಚಿ ಯೋಚಿಸಿದ. ಆಮೇಲೆ 'ಸಮುದ್ರ ಐವತ್ತು ಮೀಟರ್' ಎಂಬುದರ ಮೇಲೆ ಗೆರೆ ಎಳೆದು, 'ಅಡಿಯಲ್ಲಿ ಬಂಡೆ' ಎಂದು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದ. ಅರಬ್ಬಿ ಸಮುದ್ರ ಹೆಗ್ಗನಹಳ್ಳಿಯಿಂದ ವಾಪಸ್ಸು ಹೋಗಲು ಅರ್ಧ ನಿಮಿಷ ಸಾಕಾಯಿತು. ಅಂಜನಮ್ಮನ ಅರ್ಜಿ ಕೆಳಮಹಡಿಯ ಟಪಾಲು ವಿಭಾಗದಿಂದ ಈ ಮೇಜಿಗೆ ಬರಲು ಮೂರು ವಾರ ಹಿಡಿದಿತ್ತು.

"ನೋಡಿ, ಈಗ ಬಂಡೆ ಮೇಲಿದೆ ನಿಮ್ಮನೆ. ಧೈರ್ಯವಾಗಿರಿ."

ಅಷ್ಟರಲ್ಲಿ ಕವರಿನಿಂದ ಸೋರಿದ ಕಪ್ಪು ನೀರು ಮೇಜಿನ ಮೇಲೆ ಹರಿದು ಫೈಲಿನ ಅಂಚು ಮುಟ್ಟಿತು. ಕಾಂತರಾಜು ಧಡಕ್ಕನೆ ಎದ್ದು ಫೈಲನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡ.

"ನೀವು ಫೈಲ್ ಎತ್ಕೊಂಡ್ರಿ ಸಾರ್," ಎಂದಳು ಅಂಜನಮ್ಮ. "ನಾನು ಮನೇನ ಹೆಂಗೆ ಎತ್ಕೊಳ್ಳಲಿ?"